ಪ್ರಿಪೊಸಿಷನ್ ಗೊಂದಲಕ್ಕೆ ಗೂಗಲ್ ಬುಕ್ಸ್ ಎನ್‌ಗ್ರಾಮ್ ವ್ಯೂವರ್: ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಕೊಡುತ್ತದೆ

ಊರಲ್ಲಿ, ಬಸ್ಸಲ್ಲಿ, ಮೀಟಿಂಗಲ್ಲಿ. ಮೂರಕ್ಕೂ ಕನ್ನಡದಲ್ಲಿ ಒಂದೇ ಪ್ರತ್ಯಯ. ಇಂಗ್ಲಿಷ್‌ನಲ್ಲಿ ಮೊದಲನೆಯದಕ್ಕೆ ‘ಇನ್’, ಎರಡನೆಯದಕ್ಕೆ ‘ಆನ್’, ಮೂರನೆಯದಕ್ಕೆ ‘ಅಟ್’. ಇಂಥ ಪುಟ್ಟ ಪದಗಳೇ ಪ್ರಿಪೊಸಿಷನ್. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್‌ನಲ್ಲಿ ಬರೆಯುವವರು ಎಡವುವುದು ಇಲ್ಲೇ. ‘ಅವಳ ಜೊತೆ ಮದುವೆಯಾಯಿತು’ ಅನ್ನುವುದು ‘ಮ್ಯಾರೀಡ್ ವಿತ್ ಹರ್’ ಆಗಿಬಿಡುತ್ತದೆ, ‘ಅವನ ಮೇಲೆ ಕೋಪ’ ಅನ್ನುವುದು ‘ಆ್ಯಂಗ್ರಿ ಆನ್ ಹಿಮ್’, ‘ಅದರ ಬಗ್ಗೆ ಚರ್ಚಿಸಿದೆವು’ ಅನ್ನುವುದು ‘ಡಿಸ್ಕಸ್ಡ್ ಅಬೌಟ್ ಇಟ್’. ಬರೆದವರ ಕಿವಿಗೆ ತಪ್ಪು ಕೇಳಿಸುವುದೇ ಇಲ್ಲ, ಯಾಕೆಂದರೆ ಕನ್ನಡದ ಲೆಕ್ಕದಲ್ಲಿ ಅದು ಸರಿಯಾಗಿಯೇ ಇದೆ.

ವ್ಯಾಕರಣ ತಿದ್ದುವ ಟೂಲ್‌ಗಳು ಇಂಥ ಎದ್ದುಕಾಣುವ ತಪ್ಪುಗಳನ್ನು ಹಿಡಿಯುತ್ತವೆ. ಆದರೆ ಯಾಕೆ ತಪ್ಪು, ಎಷ್ಟು ತಪ್ಪು, ಬ್ರಿಟಿಷ್ ಬರಹದಲ್ಲಿ ನಡೆಯುತ್ತದೆಯೇ ಎಂಬುದಕ್ಕೆಲ್ಲ ಆಧಾರ ತೋರಿಸುವುದು ಅಪರೂಪ. ಅಲ್ಲಿ ಉಪಯೋಗಕ್ಕೆ ಬರುವುದು ಗೂಗಲ್ ಬುಕ್ಸ್ ಎನ್‌ಗ್ರಾಮ್ ವ್ಯೂವರ್. 2010ರ ಡಿಸೆಂಬರ್‌ನಲ್ಲಿ ಶುರುವಾದ ಉಚಿತ ಸೇವೆ ಇದು, ಲಾಗಿನ್ ಕೂಡ ಬೇಡ. ಗೂಗಲ್ ಸ್ಕ್ಯಾನ್ ಮಾಡಿದ ಪುಸ್ತಕಗಳಲ್ಲಿ ಒಂದು ಪದಗುಚ್ಛದ ಪಾಲು ಯಾವ ವರ್ಷ ಶೇಕಡಾ ಎಷ್ಟಿತ್ತು ಎಂಬುದನ್ನು ಗೆರೆಯಾಗಿ ಬಿಡಿಸಿ ತೋರಿಸುತ್ತದೆ. ವೆಬ್‌ಸೈಟ್‌ಗಳ ಕಲಬೆರಕೆ ಇದರಲ್ಲಿಲ್ಲ. ಬಹುಪಾಲು ಸಂಪಾದಕರ ಕಣ್ಣು ದಾಟಿ ಬಂದ ಭಾಷೆಯೇ ಲೆಕ್ಕಕ್ಕೆ ಸಿಗುತ್ತದೆ. ಪ್ರಿಪೊಸಿಷನ್ ವಿಷಯಕ್ಕೆ ಇದಕ್ಕಿಂತ ಬೇಗ ಉತ್ತರ ಕೊಡುವ ಉಚಿತ ಸಾಧನ ಸಿಗುವುದು ಕಷ್ಟ.

ಬಳಸುವುದು ಸುಲಭ. ಪೆಟ್ಟಿಗೆಯಲ್ಲಿ ಎರಡು ಮೂರು ಆಯ್ಕೆಗಳನ್ನು ಕಾಮಾ ಹಾಕಿ ಬರೆಯಬೇಕು: ‘ಡಿಫರೆಂಟ್ ಫ್ರಮ್, ಡಿಫರೆಂಟ್ ಟು, ಡಿಫರೆಂಟ್ ದ್ಯಾನ್’. ಕಾರ್ಪಸ್ (ಅಂದರೆ ಹುಡುಕಾಟ ನಡೆಯುವ ಪಠ್ಯಗಳ ಸಂಗ್ರಹ) ಪಟ್ಟಿಯಲ್ಲಿ ಮೊದಲು ಅಮೆರಿಕನ್ ಇಂಗ್ಲಿಷ್, ಆಮೇಲೆ ಬ್ರಿಟಿಷ್ ಇಂಗ್ಲಿಷ್ ಆರಿಸಿ ಎರಡು ಸಲ ನೋಡಬೇಕು. ‘ಫ್ರಮ್’ ಎರಡೂ ಕಡೆ ಬಹಳ ಮೇಲಿರುತ್ತದೆ. ‘ದ್ಯಾನ್’ ಹೆಚ್ಚಾಗಿ ಅಮೆರಿಕದ್ದು, ‘ಟು’ ಹೆಚ್ಚಾಗಿ ಬ್ರಿಟನ್ನಿನದು. ಯಾರಿಗೆ ಬರೆಯುತ್ತಿದ್ದೇವೆ ಎಂಬುದು ಖಚಿತವಿಲ್ಲದಿದ್ದರೆ ‘ಫ್ರಮ್’ ಬರೆದು ನಿಶ್ಚಿಂತೆಯಿಂದಿರಬಹುದು. ಗ್ರಾಫ್ 1800ರಿಂದ ಶುರುವಾಗುವುದರಿಂದ ಹಳೆಯ ರೂಢಿ ಹಿಂದೆ ಸರಿದದ್ದೂ ಕಾಣುತ್ತದೆ. ‘ಡಿಪೆಂಡ್ ಅಪಾನ್’ 19ನೇ ಶತಮಾನದ ಪುಸ್ತಕಗಳಲ್ಲಿ ಬಲವಾಗಿತ್ತು, ಈಗ ‘ಡಿಪೆಂಡ್ ಆನ್’ ಎಷ್ಟೋ ಮುಂದಿದೆ. ‘ಅಪಾನ್’ ತಪ್ಪಲ್ಲ, ಆದರೆ ಇಂದಿನ ಇಮೇಲ್‌ನಲ್ಲಿ ಹಳೇ ಕಾಲದ ದಾಖಲೆಯ ವಾಸನೆ ಹೊಡೆಯುತ್ತದೆ.

ಯಾವ ಪ್ರಿಪೊಸಿಷನ್ ಬರಬೇಕೆಂದೇ ಗೊತ್ತಿಲ್ಲದಿದ್ದರೆ ಪದದ ನಂತರ ಒಂದು ಜಾಗ ಬಿಟ್ಟು ನಕ್ಷತ್ರ ಚಿಹ್ನೆ ಹಾಕಿದರಾಯಿತು, ಆ ಜಾಗಕ್ಕೆ ಹೆಚ್ಚು ಬರುವ ಹತ್ತು ಪದಗಳು ಮೂಡುತ್ತವೆ. ‘ಮ್ಯಾರೀಡ್’ ಮುಂದೆ ಹಾಕಿದರೆ ‘ಟು’ ಜೊತೆಗೆ ‘ಆ್ಯಂಡ್’, ‘ವುಮನ್’ ಮುಂತಾದ, ನಮಗೆ ಬೇಡದ ಪದಗಳೂ ಬರುತ್ತವೆ. ಅವನ್ನು ಬಿಟ್ಟು ಓದಿದರೆ ಸಾಕು. ಕ್ರಿಯಾಪದದ ಕೊನೆಗೆ ಅಂಡರ್‌ಸ್ಕೋರ್ ಹಾಕಿ ಐ, ಎನ್, ಎಫ್ ಎಂಬ ಮೂರು ದೊಡ್ಡಕ್ಷರ ಸೇರಿಸಿದರೆ ‘ಡಿಪೆಂಡ್ಸ್’, ‘ಡಿಪೆಂಡೆಡ್’, ‘ಡಿಪೆಂಡಿಂಗ್’ ಎಲ್ಲ ರೂಪಗಳೂ ಒಟ್ಟಿಗೆ ಸಿಗುತ್ತವೆ. ಒಂದೇ ಪದಗುಚ್ಛದಲ್ಲಿ ನಕ್ಷತ್ರ ಮತ್ತು ಈ ಸೌಲಭ್ಯ ಎರಡನ್ನೂ ಬೆರೆಸಲು ಹೋಗಬೇಡಿ.

ಎಡವಟ್ಟಾಗುವುದು ಗೆರೆಯನ್ನು ಓದುವಾಗ. ಟೂಲ್‌ಗೆ ಪದಗಳ ಸಾಲು ಗೊತ್ತು, ಅರ್ಥ ಗೊತ್ತಿಲ್ಲ. ‘ಮ್ಯಾರೀಡ್ ಟು, ಮ್ಯಾರೀಡ್ ವಿತ್’ ಹಾಕಿ ನೋಡಿ. ‘ಟು’ ಗೆಲ್ಲುತ್ತದೆ, ಸರಿ. ಆದರೆ ‘ವಿತ್’ ಸೊನ್ನೆಯಾಗುವುದಿಲ್ಲ. ಅಷ್ಟಕ್ಕೇ ‘ಅದೂ ನಡೆಯುತ್ತದೆ’ ಅಂದುಕೊಂಡರೆ ಕೆಟ್ಟಿತು. ‘ಮ್ಯಾರೀಡ್ ವಿತ್ ಟೂ ಚಿಲ್ಡ್ರನ್’ ಅನ್ನುವುದೂ ಆ ಗೆರೆಯೊಳಗೆ ಸೇರಿದೆ. ಅದರ ಅರ್ಥ ಮದುವೆಯಾಗಿದೆ, ಇಬ್ಬರು ಮಕ್ಕಳಿದ್ದಾರೆ ಎಂದೇ ಹೊರತು ಮಕ್ಕಳ ಜೊತೆ ಮದುವೆಯಾಯಿತು ಎಂದಲ್ಲ! ‘ಡಿಸ್ಕಸ್ ಅಬೌಟ್’ ಕಥೆಯೂ ಇದೇ. ‘ಡಿಸ್ಕಸ್ ಅಬೌಟ್ ಟೆನ್ ಕೇಸಸ್’ ಎಂಬಲ್ಲಿ ‘ಅಬೌಟ್’ ಅಂದರೆ ‘ಸುಮಾರು’. ‘ಗುಡ್ ಇನ್’ ಹಾಕಿದರೆ ‘ದ ಗುಡ್ ಇನ್ ಹಿಮ್’, ‘ಗುಡ್ ಇನ್ ಥಿಯರಿ’ ಎಲ್ಲ ಬಂದು ಸೇರಿ ‘ಗುಡ್ ಅಟ್’ ಜೊತೆಗಿನ ಹೋಲಿಕೆಯೇ ಹಾಳಾಗುತ್ತದೆ.

ಇದಕ್ಕೆ ಮದ್ದು, ಪ್ರಿಪೊಸಿಷನ್ ಮುಂದೆ ಅದರ ನಾಮಪದವನ್ನೂ ಸೇರಿಸಿ ಹುಡುಕುವುದು. ‘ಮ್ಯಾರೀಡ್ ಟು ಹರ್, ಮ್ಯಾರೀಡ್ ವಿತ್ ಹರ್’ ಅಂದಾಗ ಮಕ್ಕಳು ಹೊರಗುಳಿಯುತ್ತಾರೆ. ‘ಗುಡ್ ಅಟ್ ಮ್ಯಾಥಮೆಟಿಕ್ಸ್, ಗುಡ್ ಇನ್ ಮ್ಯಾಥಮೆಟಿಕ್ಸ್’ ಅಂದಾಗ ಹೋಲಿಕೆಗೆ ಅರ್ಥ ಬರುತ್ತದೆ. ಅನುಮಾನ ಉಳಿದರೆ ಗ್ರಾಫ್ ಕೆಳಗಿರುವ ವರ್ಷಗಳ ಕೊಂಡಿ ಒತ್ತಿ, ಸಿಕ್ಕ ಪುಸ್ತಕಗಳಲ್ಲಿ ಹತ್ತು ವಾಕ್ಯಗಳನ್ನಾದರೂ ಕಣ್ಣಾರೆ ಓದಬೇಕು. ಹೆಚ್ಚಿನವರು ಬಿಡುವುದು ಈ ಹೆಜ್ಜೆಯನ್ನೇ. ಅಸಲು ಉತ್ತರ ಇರುವುದೂ ಅಲ್ಲೇ.

ಇನ್ನೆರಡು ಗುಂಡಿಗಳು. ದೊಡ್ಡಕ್ಷರ ಸಣ್ಣಕ್ಷರದ ಭೇದ ಬೇಡ ಎಂಬ ಆಯ್ಕೆ ಮೊದಲಿಗೆ ಆಫ್ ಇರುತ್ತದೆ. ಪ್ರಿಪೊಸಿಷನ್‌ನಿಂದ ಆರಂಭವಾಗುವ ಗುಚ್ಛಗಳನ್ನು ಹುಡುಕುವಾಗ ಅದನ್ನು ಆನ್ ಮಾಡಲೇಬೇಕು. ಇಲ್ಲವಾದರೆ ವಾಕ್ಯದ ಮೊದಲಲ್ಲಿ ದೊಡ್ಡಕ್ಷರದಿಂದ ಬರುವ ‘ಅಟ್ ದ ವೀಕೆಂಡ್’, ‘ಆನ್ ದ ವೀಕೆಂಡ್’ ಲೆಕ್ಕದಿಂದಲೇ ಬಿದ್ದುಹೋಗುತ್ತವೆ. ಸ್ಮೂದಿಂಗ್ ಮೊದಲೇ 3 ಎಂದಿರುತ್ತದೆ. ಅಂದರೆ ಒಂದು ವರ್ಷದ ಬಿಂದು ಆ ವರ್ಷ ಮತ್ತು ಆಚೀಚೆ ಮೂರು ಮೂರು ವರ್ಷ ಸೇರಿ ಏಳು ವರ್ಷಗಳ ಸರಾಸರಿ. ಪ್ರಿಪೊಸಿಷನ್ ಕೆಲಸಕ್ಕೆ ಅದನ್ನು ಮುಟ್ಟುವ ಅಗತ್ಯವಿಲ್ಲ.

ಏನೂ ಸಿಗಲಿಲ್ಲ ಎಂದು ಬಂದರೆ ತಪ್ಪು ಎಂದು ತೀರ್ಮಾನಿಸುವಂತಿಲ್ಲ. ಕನಿಷ್ಠ 40 ಪುಸ್ತಕಗಳಲ್ಲಿ ಬರದ ಗುಚ್ಛವನ್ನು ಟೂಲ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಐದು ಪದ ದಾಟಿದರೂ ಹುಡುಕುವುದಿಲ್ಲ. ಆಗ ಗುಚ್ಛವನ್ನು ಮೊಟಕು ಮಾಡಿ ನೋಡಬೇಕು. ಪುಸ್ತಕದ ಭಾಷೆ ಸಾಲದು, ಮಾತು, ಪತ್ರಿಕೆ, ಸಂಶೋಧನಾ ಲೇಖನ ಬೇರೆ ಬೇರೆಯಾಗಿ ಬೇಕು ಅನ್ನುವವರಿಗೆ ಕೋಕಾ ಎಂದು ಕರೆಯುವ ಅಮೆರಿಕನ್ ಇಂಗ್ಲಿಷ್ ಕಾರ್ಪಸ್ ಇದೆ. 1990ರಿಂದ 2019ರವರೆಗಿನ ನೂರು ಕೋಟಿಗೂ ಹೆಚ್ಚು ಪದಗಳು ಅದರಲ್ಲಿವೆ, ಸುತ್ತಲಿನ ಸಾಲೂ ಜೊತೆಗೇ ಕಾಣುತ್ತದೆ. ನೋಂದಣಿ ಮಾಡಿಕೊಳ್ಳಬೇಕು, ಕಲಿಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಈ ಸೇವೆಯಿಂದ ಆಗದ ದೊಡ್ಡ ಕೆಲಸ ಒಂದಿದೆ: ಗುಚ್ಛವನ್ನು ವಾಕ್ಯದಲ್ಲಿ ಎಲ್ಲಿ ಇಡಬೇಕು ಎಂದು ಹೇಳುವುದು. ‘ವಿ ಡಿಸ್ಕಸ್ಡ್ ದ ಆ್ಯಕ್ಸಿಡೆಂಟ್ ಇನ್ ದ ಮೀಟಿಂಗ್ ರೂಮ್’. ಇದರಲ್ಲಿ ಒಂದು ಪ್ರಿಪೊಸಿಷನ್ನೂ ತಪ್ಪಿಲ್ಲ. ಆದರೆ ಮೀಟಿಂಗ್ ರೂಮ್‌ನಲ್ಲಿ ನಡೆದದ್ದು ಚರ್ಚೆಯೋ ಅಪಘಾತವೋ? ಚರ್ಚೆಯಾದರೆ ‘ಇನ್ ದ ಮೀಟಿಂಗ್ ರೂಮ್’ ವಾಕ್ಯದ ಮೊದಲಿಗೆ ಹೋಗಬೇಕು. ಅಪಘಾತವಾದರೆ ‘ದ ಆ್ಯಕ್ಸಿಡೆಂಟ್ ದಟ್ ಹ್ಯಾಪನ್ಡ್ ಇನ್ ದ ಮೀಟಿಂಗ್ ರೂಮ್’ ಎಂದು ಬಿಡಿಸಿ ಬರೆಯಬೇಕು. ಗ್ರಾಫ್ ಇಲ್ಲಿ ಮೌನ.

ಕರ್ತೃಪದಕ್ಕೂ ಕ್ರಿಯಾಪದಕ್ಕೂ ಇರಬೇಕಾದ ಹೊಂದಾಣಿಕೆಯಲ್ಲಂತೂ ಅದು ದಾರಿ ತಪ್ಪಿಸಬಲ್ಲದು. ‘ಆಫ್ ನೇಮ್ಸ್ ಆರ್’ ಎಂದು ಹುಡುಕಿದರೆ, ‘ಮೆನಿ ಕೈಂಡ್ಸ್ ಆಫ್ ನೇಮ್ಸ್ ಆರ್’ ಥರದ ಸರಿಯಾದ ವಾಕ್ಯಗಳೂ ಅದೇ ಎಣಿಕೆಯೊಳಗೆ ಬರುತ್ತವೆ. ಅದನ್ನು ನಂಬಿ ‘ದ ಲಿಸ್ಟ್ ಆಫ್ ನೇಮ್ಸ್ ಆರ್ ರೆಡಿ’ ಎಂದು ಬರೆದರೆ ತಪ್ಪು. ಇಲ್ಲಿ ಟೂಲ್ ಮುಚ್ಚಿಟ್ಟು ಪೆನ್ಸಿಲ್ ಹಿಡಿಯಬೇಕು: ಪ್ರತಿ ಪ್ರಿಪೊಸಿಷನ್ ಗುಚ್ಛವನ್ನೂ ಅಡ್ಡಗೆರೆ ಎಳೆದು ಹೊಡೆದುಹಾಕಿ, ಉಳಿದದ್ದನ್ನು ಓದಿ. ‘ದ ಲಿಸ್ಟ್ ಆರ್ ರೆಡಿ’ ಎಂದು ಓದುತ್ತಿದ್ದಂತೆಯೇ ಕೈ ತಾನಾಗಿ ‘ಈಸ್’ ಬರೆಯುತ್ತದೆ.