ಜೀಪ್ ಆಕ್ಸಲ್ಲೋ, ಮಾರುತಿ 800 ಸ್ಟೇರಿಂಗೋ? ತೋಟದ ಬಂಡಿಗೆ ಎರಡೂ ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಲ್ಲಿನ ಸರಳು ಎಡಬಲಕ್ಕೆ ಸರಿದು ಚಕ್ರ ತಿರುಗಿಸುವ ಮಾರುತಿ 800ರ ರ‍್ಯಾಕ್ ಸ್ಟೇರಿಂಗ್‌ಗೆ. ಮೂರು ವಾರ ನನ್ನನ್ನು ಗೋಳು ಹೊಯ್ದುಕೊಂಡಿದ್ದೂ ಅದೇ.

ಚನ್ನಗಿರಿ ಹತ್ತಿರ ನಮ್ಮ ಅಡಿಕೆ ತೋಟ. ಗೊನೆ ಸಾಗಿಸೋಕೆ ಸಣ್ಣ ಬಂಡಿಯೊಂದನ್ನು ನಾವೇ ಕಟ್ಟಿದೆವು. ಮೊದಲು ಹಾಕಿದ್ದು ದಾವಣಗೆರೆ ಗುಜರಿಯಲ್ಲಿ ಸಿಕ್ಕ ಹಳೇ ಜೀಪಿನ ಮುಂದಿನ ಆಕ್ಸಲ್, ಸ್ಟೇರಿಂಗ್ ಬಾಕ್ಸ್ (ಸ್ಟೇರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಗೇರಿನ ಡಬ್ಬಿ) ಸಮೇತ 9 ಸಾವಿರ. ಗಟ್ಟಿ ಮಾಲು, ಎರಡು ಮಾತಿಲ್ಲ. ಆದರೆ ಎರಡೂ ಚಕ್ರ ಒಂದೇ ದಂಡಕ್ಕೆ ಕೂತಿರುತ್ತವಲ್ಲ, ಎಡಗಾಲಿ ಬಸಿಗಾಲುವೆಗೆ ಇಳಿದರೆ ಬಲಗಾಲಿಯೂ ವಾಲುತ್ತದೆ. ಬಾಕ್ಸ್ ಬೇರೆ ಸವೆದಿತ್ತು. ಸ್ಟೇರಿಂಗ್ ನಾಲ್ಕು ಬೆರಳು ತಿರುಗಿಸಿದ ಮೇಲೆ ಚಕ್ರಕ್ಕೆ ಸುದ್ದಿ ಮುಟ್ಟುತ್ತಿತ್ತು.

ಆಮೇಲೆ ಮಾರುತಿಯ ರ‍್ಯಾಕ್, ಅದರಿಂದ ಚಕ್ರಕ್ಕೆ ಹೋಗುವ ಟೈ ರಾಡ್, ಚಕ್ರ ಕೂರುವ ನಕಲ್ ಎಲ್ಲ ಸೇರಿ 5 ಸಾವಿರಕ್ಕೆ ತಂದೆ. ಹಗುರ, ಕೈಗೆ ತಕ್ಷಣ ಓಗೊಡುತ್ತದೆ. ಆದರೆ ಎಡಗಾಲಿ ಒಂದು ಬೇರು ಹತ್ತಿದರೆ ಸಾಕು, ಕೈ ಅಲ್ಲಾಡಿಸದಿದ್ದರೂ ಬಂಡಿ ಬಲಕ್ಕೆ ಎಳೆಯುತ್ತಿತ್ತು. ಎರಡು ಸಲ ಅಡಿಕೆ ಮರಕ್ಕೇ ಗುದ್ದಿದೆ. ನಿಲ್ಲಿಸಿ ದಾರ ಹಿಡಿದು ಅಳೆದರೆ ಅಲೈನ್‌ಮೆಂಟ್ ಎಲ್ಲ ಸರಿ!

ಕೊನೆಗೆ ಸ್ಪ್ರಿಂಗ್ ಬಿಚ್ಚಿ, ಚಕ್ರದ ಪಕ್ಕಕ್ಕೆ ಹಲಗೆ ಕಟ್ಟಿ, ಜಾಕ್‌ನಲ್ಲಿ ಎತ್ತಿ ನೋಡಿದೆ. ಚಕ್ರ 50 ಮಿ.ಮೀ. ಮೇಲೇರಿದರೆ ಅದರ ಮೂತಿ 9 ಮಿ.ಮೀ. ಒಳಗೆ ತಿರುಗುತ್ತಿತ್ತು. ಚಕ್ರ ಹಿಡಿದಿರುವ ಕೆಳಗಿನ ಆರ್ಮ್, ಟೈ ರಾಡ್ ಎರಡೂ ಗೇಟಿನ ಹಾಗೆ ತಂತಮ್ಮ ತಿರುಗಣೆ ಸುತ್ತ ಕಮಾನು ಎಳೆಯುತ್ತವೆ. ಎರಡು ಕಮಾನು ಹೊಂದದಿದ್ದರೆ ಟೈ ರಾಡ್ ಚಕ್ರವನ್ನು ತಾನೇ ತಿರುಗಿಸುತ್ತದೆ. ಬಂಪ್ ಸ್ಟೇರ್ ಅಂದರೆ ಇದೇ. ತಪ್ಪು ರ‍್ಯಾಕಿನದಲ್ಲ, ಅದನ್ನು ಎತ್ತರದಲ್ಲಿ ಕೂರಿಸಿದ ನನ್ನದು. ಲೇತ್ ಅಂಗಡಿಗೆ ಹೋಗಿ ಬ್ರಾಕೆಟ್ ಕೊಯ್ದು, 28 ಮಿ.ಮೀ. ಇಳಿಸಿ ಮತ್ತೆ ವೆಲ್ಡ್ ಮಾಡಿಸಿದೆ. ಈಗ ಒಂದು ಮಿ.ಮೀ. ಅಷ್ಟೇ.

ತಿರುವಿನಲ್ಲಿ ಒಳಗಿನ ಚಕ್ರ ಜಾಸ್ತಿ ತಿರುಗಬೇಕು. ಆಕರ್ಮನ್ ಎನ್ನುವವನು ಲಂಡನ್‌ನಲ್ಲಿ 1818ರಲ್ಲೇ ಪೇಟೆಂಟ್ ಮಾಡಿಸಿದ ಲೆಕ್ಕ ಅದು. ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ, ಅಂದರೆ ವೀಲ್‌ಬೇಸ್, ನೋಡಿ ಆ ಲೆಕ್ಕ ಬದಲಾಗುತ್ತದೆ. ಮಾರುತಿಯ ನಕಲ್ ಇರೋದು 2175 ಮಿ.ಮೀ. ವೀಲ್‌ಬೇಸ್‌ಗೆ, ನಮ್ಮ ಬಂಡಿ 1800. ಪೂರ್ತಿ ತಿರುಗಿಸಿದರೆ ಟೈರ್ ಸ್ವಲ್ಪ ಉಜ್ಜುತ್ತದೆ. ಉಜ್ಜಲಿ ಬಿಡಿ.

ನಾನು ಒಬ್ಬನೇ ಓಡಿಸೋದು, 20 ಕಿ.ಮೀ. ವೇಗ ದಾಟಲ್ಲ, ವೆಲ್ಡಿಂಗ್‌ನವನು ಕೂಗಿದರೆ ಬರುತ್ತಾನೆ. ಅದಕ್ಕೇ ನನಗೆ ರ‍್ಯಾಕ್ ಸಾಕು. ಚಿತ್ರದುರ್ಗದ ಕಲ್ಲುಗುಡ್ಡದಲ್ಲಿ ಭಾರ ಹೊರಿಸುವವರಾದರೆ ಜೀಪ್ ಆಕ್ಸಲ್ಲೇ ಹಾಕಿ, ಬಾಕ್ಸ್ ಮಾತ್ರ ಅಲ್ಲಾಡಿಸಿ ನೋಡಿ ತನ್ನಿ.

ನಮ್ಮ ಜೀಪ್ ಆಕ್ಸಲ್ ಅಡಿಕೆ ಬೇಯಿಸುವ ಒಲೆ ಪಕ್ಕ ಬಿದ್ದಿದೆ. ಅಪ್ಪ ಅದಕ್ಕೊಂದು ಟ್ರೈಲರ್ ಕಟ್ಟಿಸುವ ಮಾತಾಡುತ್ತಿದ್ದಾರೆ.