ವ್ಯಾಲೆಟ್ಟಾ ಪ್ಯಾಕೇಜ್ ತಗೊಳ್ಳುವವರೇ, ವೋಚರ್‌ನಲ್ಲಿರೋ ವಿಳಾಸ ನೋಡಿ

ಯೂರೋಪಿನ ಚಿಕ್ಕ ದ್ವೀಪ ದೇಶ ಮಾಲ್ಟಾದ ಪ್ರವಾಸದ ಜಾಹೀರಾತು ಈಗ ನನ್ನ ಫೋನಿಗೇ ವಾರಕ್ಕೆ ಎರಡು ಮೂರು ಬರುತ್ತವೆ. ಎಲ್ಲದರಲ್ಲೂ ವ್ಯಾಲೆಟ್ಟಾ ಅಂತ ದಪ್ಪ ಅಕ್ಷರದಲ್ಲಿ ಇರುತ್ತೆ. ಹೊನ್ನ ಬಣ್ಣದ ಕೋಟೆ, ನೀಲಿ ಬಂದರು, ಕೆಳಗೆ ಒಂದು ವಾಟ್ಸಾಪ್ ನಂಬರ್. ಮುಂಗಡ ಕಳಿಸುವ ಮುಂಚೆ ಇದನ್ನೊಂದು ಸಲ ಓದಿ. ನಮ್ಮಿಂದ ಹಣ ತಗೊಂಡವರ ಹೆಸರು ಬರೆಯುತ್ತಿಲ್ಲ, ದೂರು ಇನ್ನೂ ನಡೆಯುತ್ತಿದೆ. ಅವರು ಮಾಡೋ ರೀತಿ ಗೊತ್ತಾದರೆ ಸಾಕು, ಯಾವ ಹೆಸರಲ್ಲಿ ಬಂದರೂ ಗುರುತು ಹಿಡಿಯಬಹುದು.

ಮೊದಲು ಊರಿನ ವಿಷಯ, ಯಾಕಂದ್ರೆ ಮೋಸ ಇರೋದೇ ಅಲ್ಲಿ. ವ್ಯಾಲೆಟ್ಟಾ ಮಾಲ್ಟಾದ ರಾಜಧಾನಿ. ಆದರೆ ಅದು ಮುಕ್ಕಾಲು ಚದರ ಕಿಲೋಮೀಟರ್ ಕೂಡ ಇಲ್ಲ. ಎರಡು ಬಂದರುಗಳ ನಡುವೆ ಸಮುದ್ರಕ್ಕೆ ಚಾಚಿಕೊಂಡ ಒಂದು ಗುಡ್ಡದ ಮೂಗು, ಅಷ್ಟೇ. 1565ರಲ್ಲಿ ಒಟ್ಟೋಮನ್ ಸೈನ್ಯ ಮುತ್ತಿಗೆ ಹಾಕಿ ಸೋತು ಹೋದ ಮೇಲೆ, ಸಂತ ಜಾನ್ ಪಂಥದ ನೈಟ್‌ಗಳು, ಅಂದರೆ ಕ್ರೈಸ್ತ ಯೋಧರು, 1566ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿದರು. ಮುಂಚೆಯೇ ನಕ್ಷೆ ಬರೆದು ಕಟ್ಟಿದ ಊರು, ಬೀದಿಗಳೆಲ್ಲ ಗೀಟು ಎಳೆದ ಹಾಗೆ ನೇರ. ಊರೊಳಗೆ ಉಳಿದುಕೊಂಡರೆ ಎಲ್ಲವೂ ಕಾಲ್ನಡಿಗೆಯಲ್ಲೇ ಮುಗಿಯುತ್ತೆ. ಹಡಗಿನಲ್ಲಿ ಬಂದ ಜನ ಸಂಜೆ ವಾಪಸ್ ಹೋದ ಮೇಲೆ ಊರು ಖಾಲಿಯಾಗುತ್ತೆ, ಆಗ ನೋಡಬೇಕು ಅದನ್ನು. ಅದಕ್ಕೇ ನಾವು ಜಾಸ್ತಿ ದುಡ್ಡು ಕೊಟ್ಟು "ಕೋಟೆ ಒಳಗೇ ರೂಮ್ ಬೇಕು" ಅಂತ ಕೇಳಿದ್ದು. ಅತ್ತೆ ಮಾವ ಜೊತೆಗಿದ್ದರು. ಅತ್ತೆಗೆ ಮಂಡಿ ನೋವು, ಬಸ್ಸು ಹತ್ತಿ ಇಳಿಯೋದು ಕಷ್ಟ.

ಏಜೆಂಟ್ ಒಪ್ಪಿಕೊಂಡ. ವೀಸಾ ಅರ್ಜಿಗೆ ವ್ಯಾಲೆಟ್ಟಾದ ಒಂದು ಒಳ್ಳೇ ಹೋಟೆಲ್‌ನ ಬುಕಿಂಗ್ ಪತ್ರ ಕೊಟ್ಟ. ಷೆಂಗೆನ್ ವೀಸಾಗೆ (ಯೂರೋಪಿನ ಹಲವು ದೇಶಗಳಿಗೆ ಸೇರಿ ಇರೋ ಒಂದೇ ವೀಸಾ) ಉಳಿಯುವ ಜಾಗದ ದಾಖಲೆ, ಕನಿಷ್ಠ 30,000 ಯೂರೋ ಪ್ರವಾಸ ವಿಮೆ ಎಲ್ಲ ಬೇಕು, ಅಲ್ವಾ? ಎಲ್ಲವನ್ನೂ ನೀಟಾಗಿ ಫೈಲ್ ಮಾಡಿದ. ವೀಸಾ ಬಂತು. ಉಳಿದ ಹಣ ಪೂರ್ತಿ ಕಟ್ಟಿಸಿಕೊಂಡ.

ಹೊರಡುವ ಹಿಂದಿನ ರಾತ್ರಿ ವಾಟ್ಸಾಪ್‌ಗೆ "ಫೈನಲ್ ವೋಚರ್" ಬಂತು. ಹೋಟೆಲ್ ಹೆಸರೇ ಇಲ್ಲ. "ಸೀ ವ್ಯೂ ಅಪಾರ್ಟ್‌ಮೆಂಟ್, ವ್ಯಾಲೆಟ್ಟಾ ಏರಿಯಾ" ಅಂತ ಇತ್ತು. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ವಿಳಾಸ: ಬುಜಿಬ್ಬಾ. ಮ್ಯಾಪ್‌ನಲ್ಲಿ ಹಾಕಿ ನೋಡಿದರೆ ಅದು ದ್ವೀಪದ ಉತ್ತರ ದಿಕ್ಕಿನ ಬೀಚ್ ಊರು. ಕೂಡಲೇ ಫೋನ್ ಮಾಡಿದೆ.

"ಮೇಡಂ, ಅಪ್‌ಗ್ರೇಡ್ ಮಾಡಿಸಿದ್ದೀನಿ. ಕಿಚನ್ ಇದೆ, ನೀವು ಅನ್ನ ಸಾರು ಮಾಡ್ಕೋಬಹುದು. ಮಾಲ್ಟಾನೇ ಚಿಕ್ಕದು ಮೇಡಂ, ಎಲ್ಲ ವ್ಯಾಲೆಟ್ಟಾನೇ."

ಮಲ್ಲೇಶ್ವರದಲ್ಲಿ ರೂಮ್ ಅಂತ ಹೇಳಿ ನೆಲಮಂಗಲದಲ್ಲಿ ಇಳಿಸಿದ ಹಾಗೆ ಇದು. ದ್ವೀಪ ಚಿಕ್ಕದು ಅನ್ನೋದು ನಿಜ, ಇಡೀ ದೇಶ ಸೇರಿ 316 ಚದರ ಕಿಲೋಮೀಟರ್. ಆದರೆ ಜನ, ಕಾರು ವಿಪರೀತ. ಯೂರೋಪಿನಲ್ಲೇ ತುಂಬಾ ಕಿಕ್ಕಿರಿದ ದೇಶಗಳಲ್ಲಿ ಇದೂ ಒಂದು. ಬುಜಿಬ್ಬಾದಿಂದ ಬಸ್ಸಿನಲ್ಲಿ ವ್ಯಾಲೆಟ್ಟಾಗೆ ಒಂದು ಗಂಟೆ ಹಿಡಿದದ್ದೂ ಇದೆ. ಬೇಸಿಗೆಯಲ್ಲಿ ತುಂಬಿದ ಬಸ್ಸು ಕೈ ಅಡ್ಡ ಹಾಕಿದರೂ ನಿಲ್ಲಲ್ಲ. ಡ್ರೈವರ್‌ಗಳಲ್ಲಿ ನಮ್ಮ ದೇಶದವರೂ ಇದ್ದಾರೆ. ಒಬ್ಬ ಮಲಯಾಳಿ ಡ್ರೈವರ್ ಅತ್ತೆಯನ್ನು ನೋಡಿ, "ಅಮ್ಮ, ಹಿಂದಿನ ಸ್ಟಾಪ್‌ಗೆ ನಡ್ಕೊಂಡು ಹೋಗಿ ಹತ್ತಿ, ಇಲ್ಲಿಗೆ ಬರೋ ಹೊತ್ತಿಗೆ ಜಾಗ ಇರಲ್ಲ" ಅಂತ ಇಂಗ್ಲಿಷ್ ತಮಿಳು ಎರಡನ್ನೂ ಬೆರೆಸಿ ಹೇಳಿದ. ಇಡೀ ಪ್ಯಾಕೇಜ್‌ನಲ್ಲಿ ನಮಗೆ ಸಿಕ್ಕ ನಿಜವಾದ ಮಾಹಿತಿ ಅದೊಂದೇ.

ದೂರಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ವೀಸಾಗೆ ತೋರಿಸಿದ ಹೋಟೆಲ್ ಬುಕಿಂಗನ್ನು ವೀಸಾ ಬಂದ ವಾರದಲ್ಲೇ ಏಜೆಂಟ್ ರದ್ದು ಮಾಡಿದ್ದ. ನಾನು ಆ ಹೋಟೆಲ್‌ಗೆ ಇಮೇಲ್ ಮಾಡಿ ಕೇಳಿದಾಗ ತಾರೀಖು ಸಮೇತ ತಿಳಿಸಿದರು. ಷೆಂಗೆನ್ ದೇಶದ ಗಡಿಯಲ್ಲಿ ಅಧಿಕಾರಿ ಎಲ್ಲಿ ಉಳಿಯುತ್ತೀರಿ ಅಂತ ಕೇಳಬಹುದು, ದಾಖಲೆ ನೋಡಬಹುದು. ಸಮಾಧಾನ ಆಗದಿದ್ದರೆ ವೀಸಾ ಇದ್ದರೂ ಒಳಗೆ ಬಿಡದೆ ವಾಪಸ್ ಕಳಿಸಬಹುದು. ಮಾವನನ್ನು ಕೌಂಟರ್‌ನಲ್ಲಿ ಕೇಳಿಯೇ ಕೇಳಿದರು. ಅವರು ಫೈಲ್‌ನಿಂದ ಹಳೇ ಪತ್ರ ತೆಗೆಯುತ್ತಿದ್ದರು, ನಾನು ಪಕ್ಕದಿಂದ ಹೊಸ ವೋಚರ್ ಮುಂದೆ ಹಿಡಿದೆ. ಅಧಿಕಾರಿ ಎರಡನ್ನೂ ನೋಡಿ, ವಾಪಸ್ ಟಿಕೆಟ್ ಕೇಳಿ, ಸೀಲ್ ಹಾಕಿದರು. ಎಲ್ಲರಿಗೂ ಅಂಥ ಅಧಿಕಾರಿಯೇ ಸಿಗ್ತಾರೆ ಅನ್ನೋಕೆ ಆಗಲ್ಲ. ಹಾಗಾಗಿ ವೀಸಾ ಬಂದ ಮೇಲೆ ಹೋಟೆಲ್‌ಗೆ ನೀವೇ ಒಂದು ಇಮೇಲ್ ಹಾಕಿ. ಬುಕಿಂಗ್ ನಂಬರ್ ಕೊಟ್ಟು, ಇದು ಚಾಲ್ತಿಯಲ್ಲಿ ಇದೆಯಾ, ಹಣ ಕಟ್ಟಿದ್ದಾರಾ ಅಂತ ಕೇಳಿ. ಹೊರಡುವ ಹಿಂದಿನ ವಾರ ಇನ್ನೊಮ್ಮೆ ಕೇಳಿ. ಏಜೆಂಟ್ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ ಬಿಡಿ.

ಇನ್ನು ಆ ಅಪಾರ್ಟ್‌ಮೆಂಟ್. ಮೂರನೇ ಮಹಡಿ, ಲಿಫ್ಟ್ ಇಲ್ಲ. ಬೀಗದ ಕೈ ಬಾಗಿಲ ಪಕ್ಕದ ಕಂಬಿಗೆ ನೇತು ಹಾಕಿದ ನಂಬರ್ ಡಬ್ಬಿಯಲ್ಲಿ. ನಂಬರ್ ಕೆಲಸ ಮಾಡಲಿಲ್ಲ. ಬಿಸಿಲಲ್ಲಿ ಸೂಟ್‌ಕೇಸ್ ಮೇಲೆ ಅತ್ತೆಯನ್ನು ಕೂರಿಸಿ ಕಾಯ್ತಾ ಇದ್ದಾಗ ಒಬ್ಬ ಸ್ಕೂಟರ್‌ನಲ್ಲಿ ಬಂದ. ಬಾಗಿಲು ತೆಗೆಯುವ ಮುಂಚೆಯೇ ಕೈ ಚಾಚಿದ: ಪ್ರವಾಸಿ ಸುಂಕ ತಲೆಗೆ 20 ಯೂರೋ, ನಗದು ಮಾತ್ರ. ಮಾಲ್ಟಾದಲ್ಲಿ ಅಂಥ ಸುಂಕ ಇರೋದು ಹೌದು. ಆದರೆ 2016ರಲ್ಲಿ ತಂದಾಗ ಅದು ವಯಸ್ಕರಿಗೆ ರಾತ್ರಿಗೆ 50 ಸೆಂಟ್, ಒಂದು ಸಲ ಉಳಿದರೆ ಒಟ್ಟು 5 ಯೂರೋ ಮೀರಬಾರದು ಅಂತ ಮಿತಿ. ನನ್ನ ಯಜಮಾನರು "ರಸೀದಿ ಕೊಡಿ, ಲೈಸೆನ್ಸ್ ನಂಬರ್ ತೋರಿಸಿ" ಅಂದರು. ಅಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡೋ ಮನೆಗೆ ಮಾಲ್ಟಾ ಪ್ರವಾಸೋದ್ಯಮ ಪ್ರಾಧಿಕಾರದ ಲೈಸೆನ್ಸ್ ಇರಬೇಕು. ಅವನು ಫೋನ್ ಕಿವಿಗಿಟ್ಟುಕೊಂಡು ಮೆಟ್ಟಿಲು ಇಳಿದವನು ಮತ್ತೆ ಆ ಮಾತು ಎತ್ತಲಿಲ್ಲ. ಸಮುದ್ರ ಕಾಣೋದು ಬಚ್ಚಲ ಕಿಟಕಿಯಿಂದ, ಅದೂ ಎರಡು ನೀರಿನ ಟ್ಯಾಂಕ್‌ಗಳ ಸಂದಿಯಲ್ಲಿ.

ಏಜೆಂಟ್ ಕೊಟ್ಟ ದಿನಚರಿಯೂ ಇದೇ ಜಾತಿ. ಸೇಂಟ್ ಜಾನ್ಸ್ ಕೋ-ಕೆಥೆಡ್ರಲ್ ಅನ್ನೋ ದೊಡ್ಡ ಚರ್ಚ್ ನೋಡಲು ಭಾನುವಾರ ಇಟ್ಟಿದ್ದ. ಭಾನುವಾರ ಪ್ರವಾಸಿಗರನ್ನು ಒಳಗೆ ಬಿಡಲ್ಲ, ಪ್ರಾರ್ಥನೆ ನಡೆಯುತ್ತೆ. ಇಟಲಿಯ ಚಿತ್ರಕಾರ ಕರವಾಜೋ 1608ರಲ್ಲಿ ಬರೆದ, ಅವನ ಚಿತ್ರಗಳಲ್ಲೇ ಎಲ್ಲಕ್ಕಿಂತ ದೊಡ್ಡದು ಅಲ್ಲಿದೆ. ನೆಲದ ತುಂಬಾ ನೈಟ್‌ಗಳ ಬಣ್ಣದ ಅಮೃತಶಿಲೆ ಸಮಾಧಿ ಕಲ್ಲುಗಳು. ಅವು ಹಾಳಾಗುತ್ತವೆ ಅಂತ ಚೂಪು ಹೀಲ್ಸ್ ಹಾಕಿದವರನ್ನು ತಡೆಯುತ್ತಾರೆ. ಭುಜ ಮುಚ್ಚುವ ಬಟ್ಟೆ ಬೇಕು, ಸೀರೆ ಚೂಡಿದಾರಕ್ಕೆ ತೊಂದರೆ ಇಲ್ಲ.

ಹೈಪೋಜಿಯಂ ಇನ್ನೂ ದೊಡ್ಡ ಕಥೆ. ನೆಲದಡಿ ಬಂಡೆ ಕೊರೆದು ಮಾಡಿದ, ಐದು ಸಾವಿರ ವರ್ಷಕ್ಕೂ ಹಳೆಯ ಸಮಾಧಿ ಗುಹೆ ಅದು. ನಮ್ಮ ಉಸಿರಿನ ತೇವಕ್ಕೆ ಕಲ್ಲು ಕೆಡುತ್ತೆ ಅಂತ ಒಂದು ಸಲಕ್ಕೆ 10 ಜನರನ್ನು ಮಾತ್ರ ಬಿಡ್ತಾರೆ. ಟಿಕೆಟ್ ವಾರಗಟ್ಟಲೆ ಮುಂಚೆ ಖಾಲಿ. ನಮ್ಮ ಕಾಗದದಲ್ಲಿ "ಹೈಪೋಜಿಯಂ ಭೇಟಿ" ಅಂತ ಇತ್ತು. ಪಾವೊಲಾ ಊರಿನಲ್ಲಿ ಮಾಮೂಲಿ ಮನೆಗಳ ಸಾಲಿನ ಒಂದು ಬಾಗಿಲ ಮುಂದೆ ಕಾರು ನಿಲ್ಲಿಸಿ ಡ್ರೈವರ್ "ಇದೇ" ಅಂದ. ಟಿಕೆಟ್ ಎಲ್ಲಿ ಅಂದರೆ, ಅದು ಪ್ಯಾಕೇಜ್‌ನಲ್ಲಿ ಇಲ್ಲ. ಅಂದರೆ ಬಾಗಿಲಿಗೆ ಭೇಟಿ! ಮಾವ ಬಾಗಿಲ ಫೋಟೋ ತೆಗೆದುಕೊಂಡರು.

ಒಂದು ಸುಲಭ ಪರೀಕ್ಷೆ ಹೇಳ್ತೀನಿ. ಜಾಹೀರಾತಿನಲ್ಲಿ ಸಮುದ್ರದೊಳಗೆ ನಿಂತ ದೊಡ್ಡ ಕಲ್ಲಿನ ಕಮಾನಿನ ಚಿತ್ರ ಇದೆಯಾ ನೋಡಿ. ಅದು ಗೋಜೋ ದ್ವೀಪದ ಅಝೂರ್ ವಿಂಡೋ. 2017ರ ಮಾರ್ಚ್ 8ರಂದು ಬಿರುಗಾಳಿಗೆ ಪೂರ್ತಿ ಕುಸಿದು ಸಮುದ್ರ ಸೇರಿತು. ನಮ್ಮ ಬ್ರೋಷರ್‌ನ ಮುಖಪುಟದಲ್ಲಿ ಅದೇ ಇತ್ತು. ಬಿದ್ದು ಹೋದದ್ದನ್ನು ಇನ್ನೂ ಮಾರ್ತಾ ಇರೋರಿಗೆ ಅಲ್ಲಿ ಏನಿದೆ ಏನಿಲ್ಲ ಅನ್ನೋದೇ ಗೊತ್ತಿರಲ್ಲ.

ಕೊನೆಗೆ ನಾವೇ ಕೈಯಿಂದ ಹಾಕಿ ವ್ಯಾಲೆಟ್ಟಾ ಒಳಗಿನ ಒಂದು ಚಿಕ್ಕ ಗೆಸ್ಟ್‌ಹೌಸ್‌ಗೆ ಬಂದೆವು. ಅಲ್ಲಿಗೆ ಪ್ರವಾಸ ಶುರುವಾಯಿತು ಅನ್ನಬೇಕು. ಆದರೆ ಹಿರಿಯರ ಜೊತೆ ಹೋಗುವವರು ಇದನ್ನು ಗಮನಿಸಿ: ಒಳಗೂ ಎಲ್ಲ ಸಮತಟ್ಟಲ್ಲ. ರಿಪಬ್ಲಿಕ್ ಸ್ಟ್ರೀಟ್, ಮರ್ಚೆಂಟ್ಸ್ ಸ್ಟ್ರೀಟ್ ಸುತ್ತಮುತ್ತ ಆರಾಮಾಗಿ ಓಡಾಡಬಹುದು. ಬಂದರಿನ ಕಡೆ ಇಳಿಯುವ ಅಡ್ಡ ಬೀದಿಗಳು ಮೆಟ್ಟಿಲು, ಮೆಟ್ಟಿಲು, ಮೆಟ್ಟಿಲು. ಸವೆದ ಸುಣ್ಣದ ಕಲ್ಲು, ಮಳೆ ಬಂದರೆ ಜಾರುತ್ತೆ. ರೂಮ್ ಬುಕ್ ಮಾಡುವಾಗ ಬಾಗಿಲಿಗೆ ಕಾರು ಬರುತ್ತಾ, ಎಷ್ಟು ಮೆಟ್ಟಿಲು, ಲಿಫ್ಟ್ ಇದೆಯಾ ಅಂತ ಬರಹದಲ್ಲೇ ಕೇಳಿ. ದೋಣಿಯಿಂದ ಇಳಿದು ಮೇಲಕ್ಕೆ ಬರಲು ಅಪ್ಪರ್ ಬರಕ್ಕಾ ತೋಟಕ್ಕೆ 58 ಮೀಟರ್ ಎತ್ತರದ ಲಿಫ್ಟ್ ಇದೆ, ಅತ್ತೆಗೆ ಅದೇ ದೇವರು. ಮಧ್ಯಾಹ್ನ 12ಕ್ಕೆ ಅಲ್ಲೇ ಕೆಳಗೆ ತೋಪು ಹಾರಿಸ್ತಾರೆ. ಹೇಳದೆ ಕರೆದುಕೊಂಡು ಹೋದರೆ ಹಿರಿಯರು ಬೆಚ್ಚಿ ಬೀಳ್ತಾರೆ, ಮುಂಚೆ ಹೇಳಿಬಿಡಿ.

ಸಸ್ಯಾಹಾರಿಗಳಿಗೆ ಒಂದು ಮಾತು. ಬಟಾಣಿ ತುಂಬಿದ ಪಸ್ತಿಜ್ಜಿ (ನಮ್ಮ ಪಫ್ಸ್ ಥರದ ತಿಂಡಿ) ಬೀದಿ ಬೀದಿಯಲ್ಲಿ ಸಿಗುತ್ತೆ, ಅಗ್ಗ, ರುಚಿ. ಆದರೆ ಹಳೇ ಪದ್ಧತಿಯಲ್ಲಿ ಅದರ ಹಿಟ್ಟಿಗೆ ಹಂದಿ ಕೊಬ್ಬು ಹಾಕ್ತಾರೆ. ಕೇಳಿ ತಿನ್ನಿ. ಪ್ಲಗ್ ಬ್ರಿಟಿಷ್ ಮಾದರಿ, ಚಪ್ಪಟೆ ಮೂರು ಪಿನ್, ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ.

ವಾಪಸ್ ಬಂದ ಮೇಲೆ ಇನ್ನೊಂದು ಬಯಲಾಯಿತು. ವಿದೇಶ ಪ್ಯಾಕೇಜ್ ಮೇಲೆ ಏಜೆಂಟ್ ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲಿ ಮಾಡೋ ತೆರಿಗೆ, ಹಿಡಿಯಬೇಕು, ಅದು ನಮ್ಮ ಪ್ಯಾನ್ ಹೆಸರಲ್ಲಿ ಸರ್ಕಾರಕ್ಕೆ ಕಟ್ಟಬೇಕು, ರಿಟರ್ನ್ ಹಾಕುವಾಗ ನಾವು ಅದನ್ನು ಲೆಕ್ಕಕ್ಕೆ ತಗೋಬಹುದು. ಬಿಲ್‌ನಲ್ಲಿ ಟಿಸಿಎಸ್ ಅಂತ ಹಿಡಿದಿದ್ದಾನೆ, ನನ್ನ ಫಾರಂ 26ಎಎಸ್‌ನಲ್ಲಿ (ಪ್ಯಾನ್ ಹೆಸರಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ಒಂದು ರೂಪಾಯಿಯೂ ಕಾಣಿಸುತ್ತಿಲ್ಲ. ನಿಮ್ಮದನ್ನೂ ತೆಗೆದು ನೋಡಿ. ಹಣ ವಾಪಸ್ ಕೇಳಿದ್ದಕ್ಕೆ "ನಾನ್ ರಿಫಂಡಬಲ್ ಮೇಡಂ" ಅನ್ನೋ ಒಂದೇ ಉತ್ತರ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಅರ್ಧ ಹಣ ಕೊಡ್ತೀನಿ, ದೂರು ವಾಪಸ್ ತಗೊಳ್ಳಿ ಅಂದ. ಒಪ್ಪಲಿಲ್ಲ. ಎರಡು ವೋಚರ್, ಹೋಟೆಲ್‌ನ ಇಮೇಲ್, ವಾಟ್ಸಾಪ್ ಮಾತುಕತೆ ಎಲ್ಲ ಪ್ರಿಂಟ್ ತೆಗೆದು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹಾಕಿದ್ದೇವೆ. ಇದೇ ರೀತಿ ಬೇರೆ ಹೋಟೆಲ್ ತೋರಿಸಿ ವೀಸಾ ಮಾಡಿಸಿಕೊಟ್ಟು ಆಮೇಲೆ ಜಾಗ ಬದಲಿಸಿದ ಅನುಭವ ಯಾರಿಗಾದರೂ ಆಗಿದ್ದರೆ, ನಿಮ್ಮ ವೋಚರ್ ಮತ್ತು ರದ್ದಾದ ತಾರೀಖಿನ ದಾಖಲೆ ತೆಗೆದಿಟ್ಟುಕೊಳ್ಳಿ, ಡಿಲೀಟ್ ಮಾಡಬೇಡಿ.