ಹಳೆ ಜಿಪ್ಸಿಗೆ ಅಂಗಳದಲ್ಲೇ ಪಿಯು ಪೇಂಟ್: ಎರಡು ಮಳೆಗಾಲ ಕಂಡ ಮೇಲೆ

ಪಿಯು ಅಂದರೆ ಪಾಲಿಯುರೆಥೇನ್, ಹಾರ್ಡ್‌ನರ್ ಬೆರೆಸಿ ಗಟ್ಟಿ ಮಾಡುವ ಪೇಂಟ್. ಆ ಪೇಂಟಿನ ಮೇಲೆ ನನ್ನದು ಒಂದು ದೂರೂ ಇಲ್ಲ. ದೂರು ಇರುವುದು ಪೇಂಟಿಗೆ ಅಂಟಿಕೊಂಡು ಕೂತ ರಬ್ಬರ್ ಬೀಡಿಂಗ್ ಮೇಲೆ, ಅಂದರೆ ಗಾಜು, ಬಾಗಿಲುಗಳ ಸುತ್ತ ಕೂರುವ ರಬ್ಬರ್ ಪಟ್ಟಿಯ ಮೇಲೆ. ಹಳೆ ಗಾಡಿಗೆ ಬಣ್ಣ ಹೊಡೆಯಬೇಕು ಅಂತ ಯೋಚಿಸುತ್ತಿರುವವರು ಎಲ್ಲರೂ ಬಣ್ಣದ ಬಗ್ಗೆ ಕೇಳುತ್ತಾರೆ, ರಬ್ಬರಿನ ಬಗ್ಗೆ ಯಾರೂ ಕೇಳುವುದಿಲ್ಲ. ಅದಕ್ಕೇ ಬರೆಯಲು ಕೂತೆ.

ಗಾಡಿ ಮಾರುತಿ ಜಿಪ್ಸಿ ಕಿಂಗ್, ಸಾಫ್ಟ್ ಟಾಪ್, 2000ದಲ್ಲಿ ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಎಂಜಿನ್ ಬಂದ ನಂತರದ್ದು. ಎಂಜಿನ್ ವಿಷಯ ಎಲ್ಲರಿಗೂ ಗೊತ್ತೇ ಇದೆ, ಬಿಡಿ. ನಮ್ಮದು ಮೂಡಿಗೆರೆ ಕಡೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಹಳೇ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಮಾಸಿ, ಬಾನೆಟ್ ಅಂಚಿನಲ್ಲಿ ಸಿಪ್ಪೆ ಏಳುತ್ತಿತ್ತು. ಪೇಂಟ್ ಶಾಪ್‌ಗಳಲ್ಲಿ ವಿಚಾರಿಸಿದರೆ, ಪೂರ್ತಿ ಬಿಚ್ಚಿ ಸರಿಯಾಗಿ ಮಾಡಿಕೊಡಲು ಗಾಡಿಯ ಅರ್ಧ ಬೆಲೆ ಹೇಳಿದರು. ಕಡಿಮೆ ಹೇಳಿದವರು ಬಿಚ್ಚದೇ, ರಬ್ಬರಿಗೆ ಟೇಪ್ ಸುತ್ತಿ, ಮೇಲಿಂದ ಹೊಡೆದುಕೊಡುವವರು. ಅಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ, ಮೇಲಿಂದ ಹೊಡೆಸುವ ಮನಸ್ಸೂ ಇರಲಿಲ್ಲ. ಕಂಪ್ರೆಸರ್, ಸ್ಪ್ರೇ ಗನ್ ಎಲ್ಲ ಕೊಂಡು ಮನೆಯಲ್ಲೇ ಮಾಡಿದರೂ ದೊಡ್ಡ ಶಾಪ್ ಹೇಳಿದ್ದರ ಅರ್ಧದೊಳಗೆ ಮುಗಿಯಿತು. ಸಾಮಾನು ಈಗಲೂ ನನ್ನ ಬಳಿಯೇ ಇದೆ.

ಬಣ್ಣ ಮೊದಲಿದ್ದದ್ದೇ, ಸುಪೀರಿಯರ್ ವೈಟ್. ಬಣ್ಣ ಬದಲಾಯಿಸಿದರೆ ಆರ್‌ಸಿಯಲ್ಲಿ ಬರೆಸಬೇಕು, ಆರ್‌ಟಿಓ ಓಡಾಟ. ಜಿಪ್ಸಿ ಅಂದ ತಕ್ಷಣ ಮಿಲಿಟರಿ ಹಸಿರು ಹೊಡೆಯೋಣ ಅನ್ನುವ ಗೆಳೆಯರು ನಿಮಗೂ ಇರುತ್ತಾರೆ. ಬೇಡ. ಆಲಿವ್ ಗ್ರೀನ್ ಸೇನೆಯ ಗಾಡಿಗಳಿಗೆ ಮಾತ್ರ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಹಾಗಿದೆ. ಇನ್ನು ಹೊಸಬರಿಗೆ ಬಿಳಿಯಷ್ಟು ಒಳ್ಳೆ ಬಣ್ಣ ಇನ್ನೊಂದಿಲ್ಲ. ಮೆಟಾಲಿಕ್ ಆದರೆ ಬಣ್ಣದ ಬೇಸ್ ಬೇರೆ, ಮೇಲೆ ಹೊಳಪಿಗೆ ಹೊಡೆಯುವ ಕ್ಲಿಯರ್ ಬೇರೆ, ಗನ್ ಸ್ವಲ್ಪ ಓರೆಯಾದರೂ ಕಲೆ ಕಲೆಯಾಗಿ ಕಾಣುತ್ತದೆ. ಬಿಳಿ ಒಂದೇ ಪೇಂಟ್, ಹೊಳಪೂ ಅದರಲ್ಲೇ ಇದೆ. ಎಲ್ಲೋ ಗೀರಿದರೆ ಅಷ್ಟೇ ಜಾಗ ಉಜ್ಜಿ ಮತ್ತೆ ಹೊಡೆಯಬಹುದು.

ಬಿಚ್ಚುವುದಕ್ಕೂ ಜಿಪ್ಸಿ ಹೇಳಿ ಮಾಡಿಸಿದ ಗಾಡಿ. 1985ರ ಕೊನೆಯಲ್ಲಿ ಬಂದದ್ದು 2019ರ ತನಕ ಹೆಚ್ಚುಕಡಿಮೆ ಅದೇ ಮೈಕಟ್ಟಿನಲ್ಲಿ ಮಾರಾಟವಾಯಿತು. ಬಾನೆಟ್, ಎರಡೂ ಮಡ್‌ಗಾರ್ಡ್, ಗ್ರಿಲ್, ಬಾಗಿಲು, ಬಂಪರ್ ಎಲ್ಲ ಬೋಲ್ಟ್ ಮೇಲೆ ನಿಂತಿವೆ. ಗಾಜಿನ ಫ್ರೇಮ್ ಕೂಡ ಬೇರೆಯೇ, ಮುಂದಕ್ಕೆ ಮಡಚುವ ಹಾಗೆ ಮಾಡಿದ್ದಾರೆ. 10, 12, 14ರ ಸ್ಪ್ಯಾನರ್‌ಗಳಲ್ಲೇ ಬಹುಪಾಲು ಕೆಲಸ ಆಗುತ್ತದೆ. ತುಕ್ಕು ಹಿಡಿದ ಸ್ಕ್ರೂಗಳಿಗೆ ಮಾತ್ರ ಸುತ್ತಿಗೆಯಲ್ಲಿ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಬೇಕೇ ಬೇಕು. ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಹಾಕಿ ತಿರುಚಿದರೆ ತಲೆ ಸವೆದು ಹೋಗುತ್ತದೆ. ಒಂದೊಂದು ಭಾಗದ ಬೋಲ್ಟಿಗೂ ಒಂದೊಂದು ಪ್ಲಾಸ್ಟಿಕ್ ಕವರ್, ಮೇಲೆ ಮಾರ್ಕರ್‌ನಲ್ಲಿ ಹೆಸರು, ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೊ. ತಿಂಗಳು ಕಳೆದು ಜೋಡಿಸುವಾಗ ನೆನಪನ್ನು ನಂಬಿ ಕೂರಲು ಆಗುವುದಿಲ್ಲ.

ತುಕ್ಕಿನ ಕಥೆ ಜಿಪ್ಸಿ ಇಟ್ಟುಕೊಂಡವರಿಗೆ ಹೇಳಬೇಕಿಲ್ಲ. ಹಿಂದಿನ ಚಕ್ರದ ಕಮಾನು, ಕಾಲಿಡುವ ಜಾಗ, ಗಾಜಿನ ಫ್ರೇಮಿನ ಕೆಳಮೂಲೆ. ಕೊಳೆತ ಕಡೆ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದೆ, ಆ ಕೆಲಸವನ್ನು ಊರಿನ ವೆಲ್ಡರ್‌ಗೆ ಬಿಟ್ಟೆ. ಉಳಿದ ಕಡೆ 80 ನಂಬರಿನ ಸ್ಯಾಂಡ್ ಪೇಪರ್‌ನಲ್ಲಿ ಬರಿ ತಗಡು ಕಾಣುವ ತನಕ ಉಜ್ಜಿ, ಅವತ್ತೇ ಎಪಾಕ್ಸಿ ಪ್ರೈಮರ್ ಹೊಡೆದೆ. ಪುಟ್ಟಿ ಏನಿದ್ದರೂ ಎಪಾಕ್ಸಿಯ ಮೇಲೆ. ಪುಟ್ಟಿ ನೀರು ಕುಡಿಯುತ್ತದೆ. ಬಣ್ಣದ ಕೆಳಗೆ ಹೊಡೆಯುವ ಮಾಮೂಲಿ ಪ್ರೈಮರ್ ಸರ್ಫೇಸರ್ ಕೂಡ ಕುಡಿಯುತ್ತದೆ. ಎಪಾಕ್ಸಿ ಕುಡಿಯುವುದಿಲ್ಲ. ಮಲೆನಾಡಿನಲ್ಲಿ ಗಾಡಿ ಉಳಿಯುವುದೋ ಬಿಡುವುದೋ ಈ ಒಂದು ಪದರದ ಮೇಲೆ ನಿಂತಿದೆ. ಇದರಲ್ಲಿ ದುಡ್ಡು ಉಳಿಸಬೇಡಿ.

ಹೊಡೆಯುವ ಕಾಲ ಯಾವುದು ಅಂತ ತುಂಬಾ ಜನ ಕೇಳಿದ್ದಾರೆ. ಡಿಸೆಂಬರ್, ಜನವರಿಯಲ್ಲಿ ಅಂಗಳ ತುಂಬ ಕಾಫಿ ಹರಡಿರುತ್ತದೆ, ಬೆಳಗ್ಗೆ ಇಬ್ಬನಿ ಬೇರೆ. ಜೂನ್ ಮೇಲೆ ಗಾಳಿಯಲ್ಲೇ ನೀರು. ನಮಗೆ ಸಿಗುವುದು ಕೊಯ್ಲು ಮುಗಿದು ಕಣ ಖಾಲಿಯಾದ ಮೇಲಿನ ಕೆಲವು ವಾರ, ಅದೂ ಕಾಫಿ ಹೂ ಬಿಡಿಸುವ ಹೂಮಳೆ ನೋಡಿಕೊಂಡು. ಬಿದಿರು ನಿಲ್ಲಿಸಿ ಸುತ್ತ ಪ್ಲಾಸ್ಟಿಕ್ ಶೀಟ್ ಕಟ್ಟಿದೆ. ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ. ಬೆಳಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನದ ಊಟದೊಳಗೆ ಕೆಲಸ ಮುಗಿಸಬೇಕು. ಸಂಜೆ ಆಯಿತೋ, ಹುಳುಗಳೆಲ್ಲ ಹಸಿ ಬಿಳಿ ಪೇಂಟಿನ ಮೇಲೇ ಬಂದು ಕೂರುತ್ತವೆ. ಕೂತರೆ ಕೈ ಹಾಕಬೇಡಿ. ಒಣಗಲು ಬಿಟ್ಟು, 2000 ನಂಬರಿನ ವಾಟರ್ ಪೇಪರ್‌ನಲ್ಲಿ ಉಜ್ಜಿ, ಹೊಳಪು ತರುವ ರಬ್ಬಿಂಗ್ ಕಾಂಪೌಂಡ್ ಹಾಕಿದರೆ ಗುರುತೂ ಇರುವುದಿಲ್ಲ.

ನನ್ನದು 50 ಲೀಟರ್ ಟ್ಯಾಂಕಿನ 2 ಎಚ್‌ಪಿ ಕಂಪ್ರೆಸರ್. ಇಡೀ ಗಾಡಿಯನ್ನು ಒಂದೇ ಏಟಿಗೆ ಹೊಡೆಯಲು ಇದು ಸಾಲದು, ಒಂದೊಂದೇ ಪ್ಯಾನಲ್ ತೂಗುಹಾಕಿ ಹೊಡೆಯಲು ಧಾರಾಳ ಸಾಕು. ಗನ್ನಿಗೆ 1.4 ಎಂಎಂ ನಾಝಲ್. ಪೈಪಿನ ಮಧ್ಯೆ ನೀರು ಹಿಡಿಯುವ ಫಿಲ್ಟರ್ ಇರಲೇಬೇಕು, ದಿನವೂ ಟ್ಯಾಂಕಿನ ನೀರು ಬಿಡಲೇಬೇಕು. ನಾನು ತಂದ ಪೇಂಟಿಗೆ ಎರಡು ಪಾಲು ಬಣ್ಣಕ್ಕೆ ಒಂದು ಪಾಲು ಹಾರ್ಡ್‌ನರ್. ಬೇರೆ ಕಂಪನಿಯದ್ದಾದರೆ ಅಳತೆ ಬೇರೆ ಇರುತ್ತದೆ, ಡಬ್ಬದ ಮೇಲೆ ಬರೆದದ್ದನ್ನೇ ನೋಡಿ. ಹಾರ್ಡ್‌ನರ್ ಸಣ್ಣ ಡಬ್ಬಗಳಲ್ಲಿ ಕೊಳ್ಳಿ. ತೆರೆದಿಟ್ಟದ್ದು ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ, ನಮ್ಮ ಕಡೆಯಂತೂ ಬೇಗ.

ಈ ಹಾರ್ಡ್‌ನರ್ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅದರಲ್ಲಿರುವುದು ಐಸೊಸೈನೇಟ್. ಉಸಿರಿನಲ್ಲಿ ಹೋದರೆ ಆಸ್ತಮಾ ಬರಬಹುದು, ಒಮ್ಮೆ ಮೈಗೆ ಆಗದೆ ಹೋದರೆ ಮುಂದೆ ಒಂಚೂರು ತಾಗಿದರೂ ಉಸಿರು ಕಟ್ಟುತ್ತದೆ. ಅದಕ್ಕೆ ವಾಸನೆಯೂ ಸರಿಯಾಗಿ ಗೊತ್ತಾಗುವುದಿಲ್ಲ. ಮೂಗಿಗೆ ಕರ್ಚೀಫ್, ಬಟ್ಟೆ ಮಾಸ್ಕ್ ಏನೂ ಪ್ರಯೋಜನವಿಲ್ಲ. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್ ಎಲ್ಲಕ್ಕಿಂತ ಒಳ್ಳೆಯದು. ನಾನು ಮುಖ ಪೂರ್ತಿ ಮುಚ್ಚುವ ಮಾಸ್ಕಿಗೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ (ಥಿನ್ನರ್‌ನಂಥ ಆವಿ ಹಿಡಿಯುವ ಫಿಲ್ಟರ್) ಹೊಸದು ಹಾಕಿ, ಎರಡು ಕಡೆ ಶೀಟ್ ತೆರೆದು ಗಾಳಿ ಆಡುವಂತೆ ಮಾಡಿ, ಮನೆಮಂದಿಯನ್ನೆಲ್ಲ ದೂರ ಕಳಿಸಿಯೇ ಗನ್ ಹಿಡಿದೆ. ಮಾಸ್ಕಿಗೆ ಬಜೆಟ್ ಇಲ್ಲದಿದ್ದರೆ ಪಿಯು ಬೇಡ. ಊರೊಳಗೆ ಅಕ್ಕಪಕ್ಕ ಮನೆ ಅಂಟಿಕೊಂಡಿದ್ದರೂ ಬೇಡ.

ಈಗ ಪೇಂಟ್ ಹೇಗಿದೆ? ರಬ್ಬರ್ ತಾಗಿದ ಕಡೆ ಬಿಟ್ಟರೆ, ಹೊಡೆದ ವರ್ಷ ಹೇಗಿತ್ತೋ ಹಾಗೇ ಇದೆ. ಎನ್‌ಸಿ ಒಣಗುವುದು ಥಿನ್ನರ್ ಆರಿ ಮಾತ್ರ, ಅದಕ್ಕೇ ಥಿನ್ನರ್ ತಾಗಿದರೆ ಮತ್ತೆ ಕರಗುತ್ತದೆ, ಪೆಟ್ರೋಲ್ ಚೆಲ್ಲಿದರೂ ಕಲೆ ಉಳಿಯುತ್ತದೆ. ಪಿಯು ಹಾರ್ಡ್‌ನರ್ ಜೊತೆ ಸೇರಿ ಗಟ್ಟಿಯಾಗುವುದು, ಮತ್ತೆ ಕರಗುವುದಿಲ್ಲ. ನನ್ನ ಗಾಡಿಯ ಪೆಟ್ರೋಲ್ ಮುಚ್ಚಳದ ಕೆಳಗೆ ಮೊದಲು ಉದ್ದಕ್ಕೆ ಹಳದಿ ಪಟ್ಟಿ ಇತ್ತು. ಈಗ ಅಲ್ಲಿ ಏನೂ ಇಲ್ಲ.

ದಿನದ ಸುಖ ಇರುವುದು ಬೆಳಗ್ಗೆ. ರಾತ್ರಿಯ ಇಬ್ಬನಿ ಬಾನೆಟ್ ಮೇಲೆ ಕಾಳುಕಾಳಾಗಿ ಕೂತಿರುತ್ತದೆ. ಕಾಫಿ ಲೋಟ ಬಂಪರ್ ಮೇಲಿಟ್ಟು, ಮೈಕ್ರೋಫೈಬರ್ ಬಟ್ಟೆಯನ್ನು ಬಾನೆಟ್ಟಿನ ಉದ್ದಕ್ಕೆ ಒಮ್ಮೆ ಎಳೆಯುತ್ತೇನೆ, ಒತ್ತುವುದಿಲ್ಲ. ನೀರೆಲ್ಲ ಬಟ್ಟೆಯ ಮುಂದೆ ಓಡಿ ಅಂಚಿನಿಂದ ಬೀಳುತ್ತದೆ. ಬಟ್ಟೆ ಹಿಂಡಿ ಮಡ್‌ಗಾರ್ಡ್, ಆಮೇಲೆ ಬಾಗಿಲು. ಕಾಫಿ ಹೂ ಬಿಟ್ಟಾಗ ಜೇನುಹುಳಗಳು ಗಾಡಿ ತುಂಬ ಹಳದಿ ಚುಕ್ಕೆ ಹಾಕಿ ಹೋಗುತ್ತವೆ. ಬಿಳಿ ಮೇಲೆ ಅದು ಎದ್ದು ಕಾಣುತ್ತದೆ. ಒದ್ದೆ ಬಟ್ಟೆ ಎರಡು ನಿಮಿಷ ಮೇಲಿಟ್ಟರೆ ಬಿಟ್ಟುಕೊಳ್ಳುತ್ತದೆ. ಹಳೇ ಪೇಂಟಿನಲ್ಲಿ ಅದೇ ಚುಕ್ಕೆ ವರ್ಷಗಟ್ಟಲೆ ಉಳಿಯುತ್ತಿತ್ತು. ನಾನೇ ಉಜ್ಜಿ, ನಾನೇ ಹೊಡೆದ ತಗಡನ್ನು ಕೈಯಲ್ಲಿ ಸವರಿದಾಗ ಆಗುವ ಖುಷಿ ಬೇರೆಯೇ.

ಜೋಡಿಸುವುದೂ ನನಗೆ ತುಂಬಾ ಇಷ್ಟವಾದ ಕೆಲಸ. ಅರ್ತಿಂಗ್ ವೈರ್ ಕೂರುವ ಜಾಗಗಳಿಗೆ ಪೇಂಟ್ ಹೊಡೆಯುವ ಮೊದಲೇ ಟೇಪ್ ಅಂಟಿಸಿ. ಅಲ್ಲಿ ಪೇಂಟ್ ಕೂತರೆ ಹೆಡ್‌ಲೈಟ್ ಮಂಕಾಗಿ ಉರಿಯುತ್ತದೆ, ಕಾರಣ ಹುಡುಕುತ್ತಾ ಎಲೆಕ್ಟ್ರಿಷಿಯನ್ ಹತ್ತಿರ ಓಡಬೇಕಾಗುತ್ತದೆ. ಬೋಲ್ಟ್ ಕೂರುವ ತೂತುಗಳ ಥ್ರೆಡ್‌ಗೆ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಕಿ ಪೇಂಟ್ ತೆಗೆದು, ಬೋಲ್ಟಿಗೆ ಒಂಚೂರು ಗ್ರೀಸ್ ಸವರಿ. ಎಲ್ಲವನ್ನೂ ಸಡಿಲವಾಗಿ ಕೂರಿಸಿ, ಬಾನೆಟ್ ಮತ್ತು ಮಡ್‌ಗಾರ್ಡ್ ನಡುವಿನ ಸಂದು ಎರಡೂ ಕಡೆ ಒಂದೇ ಸಮ ಬಂದ ಮೇಲೆ ಬಿಗಿ ಮಾಡಿ.

ಇಲ್ಲಿಯ ತನಕ ಎಲ್ಲ ಚೆನ್ನಾಗಿತ್ತು. ಆಮೇಲೆ ಬಂತು ಮುಂದಿನ ಗಾಜಿನ ಬೀಡಿಂಗ್.

ಹಳೆಯದು ಸೀಳಿತ್ತು. ಒರಿಜಿನಲ್ ಆಗ ಸ್ಟಾಕ್ ಇರಲಿಲ್ಲ. ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿಯೊಂದರಲ್ಲಿ 'ಕಂಪನಿಯದ್ದೇ ಕ್ವಾಲಿಟಿ ಸರ್' ಅಂತ ಹೇಳಿ ಗಾಜಿನದ್ದು, ಬಾಗಿಲಿನದ್ದು ಪೂರ್ತಿ ಸೆಟ್ ಕೊಟ್ಟರು. ಬೆಲೆ ಒರಿಜಿನಲ್‌ಗಿಂತ ತುಂಬಾ ಕಡಿಮೆಯೇನೂ ಅಲ್ಲ. ಜಿಪ್ಸಿ ಗಾಜು ಕೂರಿಸುವುದು ದಾರದ ಉಪಾಯದಲ್ಲಿ. ಬೀಡಿಂಗನ್ನು ಗಾಜಿಗೆ ಸುತ್ತಿ, ಅದರ ಹೊರಗಿನ ತೋಡಿನಲ್ಲಿ ಸುತ್ತಲೂ ನೈಲಾನ್ ದಾರ ಇಟ್ಟು, ಎರಡೂ ತುದಿ ಕೆಳಗೆ ಮಧ್ಯದಲ್ಲಿ ಬಿಡಬೇಕು. ಸೋಪಿನ ನೀರು ಬಳಿದು ಫ್ರೇಮಿಗೆ ಹಚ್ಚಿ, ಹೊರಗೆ ಒಬ್ಬರು ಅಂಗೈಯಲ್ಲಿ ತಟ್ಟುತ್ತಾ ಇರಬೇಕು, ಒಳಗಿನಿಂದ ಒಬ್ಬರು ದಾರ ಎಳೆಯುತ್ತಾ ಹೋಗಬೇಕು. ದಾರ ಬಂದ ಹಾಗೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಮಗುಚಿಕೊಳ್ಳುತ್ತದೆ. ಒಳ್ಳೆ ರಬ್ಬರ್ ಆದರೆ ಹದಿನೈದು ನಿಮಿಷದ ಕೆಲಸ.

ಇದು ಒಳ್ಳೆ ರಬ್ಬರ್ ಅಲ್ಲ. ಮೂಲೆಯಲ್ಲಿ ಬಗ್ಗಲೇ ಇಲ್ಲ. ಹೇಗೋ ಕೂರಿಸಿದೆವು. ಮೊದಲ ಬೇಸಿಗೆಗೇ ಕುಗ್ಗಿ, ಜೋಡಣೆಯಲ್ಲಿ ಉಗುರು ಹೋಗುವಷ್ಟು ಸಂದು ಬಿಟ್ಟಿತು. ಮಳೆಗಾಲದಲ್ಲಿ ನೀರು ನೇರ ಡ್ರೈವರ್ ಕಾಲಿಗೆ. ಅದನ್ನಾದರೂ ಸಹಿಸಬಹುದಿತ್ತು. ರಬ್ಬರ್ ತಾಗಿದ ಕಡೆಯೆಲ್ಲ ಬಿಳಿ ಪೇಂಟಿಗೆ ಕಂದು ಗೆರೆ ಬಿದ್ದಿತು. ಕೊಳೆ ಅಂದುಕೊಂಡು ಶಾಂಪೂ ಹಾಕಿದೆ. ಹೋಗಲಿಲ್ಲ. ಕಾಂಪೌಂಡ್ ಹಾಕಿದೆ. ಹೋಗಲಿಲ್ಲ. ಅಗ್ಗದ ರಬ್ಬರಿಗೆ ಬೆರೆಸುವ ಎಣ್ಣೆ, ರಾಸಾಯನಿಕಗಳು ನಿಧಾನಕ್ಕೆ ಪೇಂಟಿನೊಳಗೇ ಇಳಿಯುತ್ತವೆ. ಮೇಲಿನ ಕಲೆ ಅಲ್ಲ, ಒಳಗಿನ ಕಲೆ. ಬಾಗಿಲಿನ ಸುತ್ತ, ಗಾಜಿನ ಸುತ್ತ, ಎಲ್ಲ ಕಡೆ ಅದೇ ಚೌಕಟ್ಟು. ಗಟ್ಟಿ ಅಂಚು ಅಲುಗಾಡಿ ಅಲುಗಾಡಿ ಕೆಳಮೂಲೆಯಲ್ಲಿ ಪೇಂಟನ್ನೂ ಕೊರೆದು, ನಾನು ವಾರಗಟ್ಟಲೆ ಕೂತು ತುಕ್ಕು ತೆಗೆದ ಜಾಗದಲ್ಲೇ ಮತ್ತೆ ತುಕ್ಕಿನ ಚುಕ್ಕೆ ಎಬ್ಬಿಸಿತು.

ನಿಜ ಹೇಳಬೇಕೆಂದರೆ ಆ ಮಳೆಗಾಲದಲ್ಲಿ ಗಾಡಿ ಮಾರಿಬಿಡೋಣ ಅನ್ನಿಸಿತ್ತು. ಎಪಾಕ್ಸಿ, ಪೇಂಟ್, ಮಾಸ್ಕ್ ಎಲ್ಲದಕ್ಕೂ ಸುರಿದ ದುಡ್ಡನ್ನು ಒಂದು ರಬ್ಬರ್ ತುಂಡು ತಿಂದುಹಾಕಿದರೆ ಹೊಟ್ಟೆ ಉರಿಯುವುದಿಲ್ವಾ? ರಬ್ಬರ್ ಕೊಟ್ಟ ಅಂಗಡಿಯಲ್ಲಿ ಕೇಳಿದರೆ ಸಿಕ್ಕ ಉತ್ತರ, ರಬ್ಬರಿಗೆ ಗ್ಯಾರಂಟಿ ಇಲ್ಲ.

ಆಮೇಲೆ ಮಾರುತಿ ಜೆನ್ಯೂನ್ ಪಾರ್ಟ್ಸ್ ಕೌಂಟರಿನಲ್ಲಿ ಬುಕ್ ಮಾಡಿ ಕಾದೆ. ತಡವಾಯಿತು, ಆದರೆ ಗಾಜಿನ ಬೀಡಿಂಗ್ ಬಂತು. ಅದನ್ನು ಕೈಯಲ್ಲಿ ಹಿಡಿದಾಗಲೇ ವ್ಯತ್ಯಾಸ ಗೊತ್ತಾಗುತ್ತದೆ. ಮೆತ್ತಗೆ ಮಡಚಿಕೊಳ್ಳುತ್ತದೆ, ಬಿಟ್ಟರೆ ತಕ್ಷಣ ಮೊದಲಿನಂತಾಗುತ್ತದೆ. ಬಿಳಿ ಹಾಳೆಗೆ ಉಜ್ಜಿ ನೋಡಿದೆ, ಕಪ್ಪು ಗೀಟು ಬೀಳಲಿಲ್ಲ. ಅಂಗಡಿಯ ರಬ್ಬರ್ ಪೆನ್ಸಿಲ್‌ನ ಹಾಗೆ ಗೀಚುತ್ತಿತ್ತು, ಮೂಗಿಗೆ ಹಿಡಿದರೆ ಟೈರ್ ವಾಸನೆ. ನೀವು ಕೊಳ್ಳುವಾಗ ಜೇಬಿನಲ್ಲೊಂದು ಬಿಳಿ ಹಾಳೆ ಇಟ್ಟುಕೊಂಡೇ ಹೋಗಿ. ಇಪಿಡಿಎಂ ರಬ್ಬರ್ ಅಂತಲೇ ಕೇಳಿ, ಬಿಸಿಲು ಮಳೆ ಎರಡನ್ನೂ ತಡೆಯುವುದು ಅದು.

ಫ್ರೇಮ್ ಬಿಚ್ಚಿ, ಕಲೆ ಇದ್ದ ಜಾಗ ಉಜ್ಜಿ, ತುಕ್ಕಿನ ಚುಕ್ಕೆಗೆ ಮತ್ತೆ ಎಪಾಕ್ಸಿ ಹಾಕಿ, ಬಿಳಿ ಹೊಡೆದೆ. ಪಿಯು ಮೇಲೆ ಪಿಯು ಚೆನ್ನಾಗಿ ಕೂರುತ್ತದೆ, ಜೋಡಣೆ ಎಲ್ಲಿ ಅಂತ ನಾನೇ ಹುಡುಕಬೇಕು. ಎರಡನೇ ಮಳೆಗಾಲ ಪೂರ್ತಿ ಕಾಲು ಒಣಗಿತ್ತು.

ಈ ಪೇಂಟನ್ನು ಹೊಸಬರಿಗೂ ಧೈರ್ಯವಾಗಿ ಹೇಳುತ್ತೇನೆ. ಜಾಗ ಇರಬೇಕು, ಮಾಸ್ಕ್ ಇರಬೇಕು, ಗಾಡಿ ಇಲ್ಲದೆ ಒಂದೆರಡು ತಿಂಗಳು ನಡೆಯಬೇಕು. ಬಜೆಟ್ ಹಾಕುವಾಗ ಮೊದಲು ರಬ್ಬರ್ ಬುಕ್ ಮಾಡಿ, ಅದು ಕೈಗೆ ಬಂದ ಮೇಲೆ ಗಾಡಿ ಬಿಚ್ಚಿ. ನನ್ನ ಬಾಗಿಲಿನ ಬೀಡಿಂಗ್‌ಗಳು ಇನ್ನೂ ಬಂದಿಲ್ಲ. ಬಂದ ದಿನ ಬಾಗಿಲ ಚೌಕಟ್ಟಿನ ಕಂದು ಗೆರೆಗಳನ್ನೂ ಉಜ್ಜಿ ಹೊಡೆಯಬೇಕು. ಅದಕ್ಕೆ ಬೇಕಾದ ಅರ್ಧ ಲೀಟರ್ ಬಿಳಿ ಇಟ್ಟಿದ್ದೇನೆ, ಹಾರ್ಡ್‌ನರ್ ಮಾತ್ರ ಆಗ ಹೊಸದು ತರುತ್ತೇನೆ.